ಬಣ್ಣ ಬರೆಯುವ ಜಾಗ ಒಂದೇ ಇರಲಿ

ಉಳ್ಳಾಲದಿಂದ ಸುದ್ದಿ ಕಳಿಸುವ ನಮಗೆ ಫೋನೇ ಕಚೇರಿ. ಕಡಲ್ಕೊರೆತದ ಹಳೆಯ ವಿವರ ಹುಡುಕುವುದೂ ಅದರಲ್ಲೇ, ರಾಣಿ ಅಬ್ಬಕ್ಕನ ಕುರಿತ ಇಸವಿ ತಾಳೆ ನೋಡುವುದೂ ಅದರಲ್ಲೇ. ಆಗ ನಮ್ಮನ್ನು ಹೆಚ್ಚು ಸತಾಯಿಸುವುದು ಹಲವರು ಸೇರಿ ಬರೆಯುವ ಜಾಲತಾಣಗಳಲ್ಲಿರುವ ಪಟ್ಟಿಗಳು. ಕೆಲವು ಸ್ಕ್ರೀನಿನ ಆಚೆಗೆ ಚಾಚಿಕೊಂಡಿರುತ್ತವೆ. ಇನ್ನು ಕೆಲವು ಡಾರ್ಕ್ ಮೋಡ್ ಹಾಕಿದ ಕೂಡಲೇ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರವಾಗಿಬಿಡುತ್ತವೆ. ಮಾಹಿತಿ ಅಲ್ಲೇ ಇರುತ್ತದೆ, ಓದಲು ಮಾತ್ರ ಆಗುವುದಿಲ್ಲ.

ಇದು ಫೋನಿನ ತಪ್ಪಲ್ಲ. ಬರೆದವರು ಬಣ್ಣ, ಅಗಲ, ಅಕ್ಷರದ ಗಾತ್ರವನ್ನು ಒಂದೊಂದು ಸಾಲಿನೊಳಗೇ ಬರೆದಿಟ್ಟಿರುತ್ತಾರೆ. ಇದಕ್ಕೆ ಇನ್‌ಲೈನ್ ಸ್ಟೈಲ್ ಎಂದು ಹೆಸರು. ಅಂಗಡಿಯಲ್ಲಿ ಪ್ರತಿ ತೆಂಗಿನಕಾಯಿಯ ಮೇಲೂ ದರ ಬರೆದ ಹಾಗೆ. ದರ ಬದಲಾದ ದಿನ ಇಡೀ ರಾಶಿ ಮಗುಚಬೇಕು. ಬಾಗಿಲಲ್ಲಿ ಒಂದು ಹಲಗೆ ತೂಗುಹಾಕಿದ್ದರೆ ಅದನ್ನು ಅಳಿಸಿ ಬರೆದರೆ ಸಾಕು. ಆ ಹಲಗೆಯೇ ಸ್ಟೈಲ್‌ಶೀಟ್.

ಈ ಯೋಚನೆ ಹೊಸದಲ್ಲ. ಹೋಕನ್ ವಿಯಮ್ ಲೀ ಅವರು ಸಿಎಸ್‌ಎಸ್ ಪ್ರಸ್ತಾಪಿಸಿದ್ದು 1994ರಲ್ಲಿ. 1996ರ ಡಿಸೆಂಬರಿನಲ್ಲಿ ಅದರ ಮೊದಲ ಆವೃತ್ತಿ ಮಾನಕವಾಯಿತು. ಆದರೆ ವಿಕಿಪೀಡಿಯದಂಥ ಕಡೆ ತೊಡಕಿತ್ತು. ಇಡೀ ತಾಣದ ಸ್ಟೈಲ್‌ಶೀಟ್ ಮುಟ್ಟುವ ಅಧಿಕಾರ ಕೆಲವರಿಗಷ್ಟೇ. ಉಳಿದವರು ಸಾಲಿನೊಳಗೇ ಬಣ್ಣ ತುರುಕಬೇಕಿತ್ತು. 2018ರ ಹೊತ್ತಿಗೆ ಟೆಂಪ್ಲೇಟ್‌ಸ್ಟೈಲ್ಸ್ ಬಂತು. ಈಗ ಸಾಮಾನ್ಯ ಸಂಪಾದಕರೂ ಒಂದು ಟೆಂಪ್ಲೇಟಿಗೆಂದೇ ಪ್ರತ್ಯೇಕ ಸ್ಟೈಲ್ ಪುಟ ಬರೆಯಬಹುದು. ಅಪಾಯಕಾರಿ ಸಂಕೇತಗಳನ್ನು ತಂತ್ರಾಂಶವೇ ತಡೆಯುತ್ತದೆ.

ಫೋನಿನವರಿಗೆ ಇದರಲ್ಲೇನು ಲಾಭ? ‘ಸ್ಕ್ರೀನ್ ಚಿಕ್ಕದಾದರೆ ಹೀಗೆ, ಡಾರ್ಕ್ ಮೋಡ್ ಇದ್ದರೆ ಹಾಗೆ’ ಎಂಬ ಷರತ್ತನ್ನು ಇನ್‌ಲೈನ್ ಸ್ಟೈಲಿನಲ್ಲಿ ಬರೆಯಲು ಬರುವುದಿಲ್ಲ. ಸ್ಟೈಲ್‌ಶೀಟಿನಲ್ಲಿ ಬರೆಯಬಹುದು. 2024ರಲ್ಲಿ ವಿಕಿಪೀಡಿಯಕ್ಕೇ ಡಾರ್ಕ್ ಮೋಡ್ ಬಂದ ಮೇಲೆ ಈ ವ್ಯತ್ಯಾಸ ಎಲ್ಲರಿಗೂ ಕಂಡಿತು.

ನಾವೂ ಬಿಡುವಾದಾಗ ಕನ್ನಡದ ಒಂದೊಂದು ಪಟ್ಟಿ ಹಿಡಿದು ಸಾಲಿನೊಳಗಿನ ಬಣ್ಣ ತೆಗೆಯುತ್ತೇವೆ. 2016ರಲ್ಲಿ ಶುರುವಾದ ತುಳು ವಿಕಿಪೀಡಿಯಕ್ಕೂ ಇದೇ ಕೆಲಸ ಬೇಕು. ಎರಡು ಎಚ್ಚರಿಕೆ ಮಾತ್ರ ಮರೆಯಬಾರದು. ಇಂಗ್ಲಿಷಿನಿಂದ ಟೆಂಪ್ಲೇಟ್ ತರುವಾಗ ಅದರ ಸ್ಟೈಲ್ ಪುಟವನ್ನೂ ತರಬೇಕು, ಇಲ್ಲದಿದ್ದರೆ ಪಟ್ಟಿ ಬೋಳಾಗಿ ಕಾಣುತ್ತದೆ. ಹಲಗೆಯಲ್ಲಿ ದರ ತಪ್ಪಿದರೆ ಎಲ್ಲ ಗಿರಾಕಿಗಳಿಗೂ ತಪ್ಪು ದರವೇ. ಹಾಗಾಗಿ ಬದಲಾವಣೆಯನ್ನು ಮೊದಲು ಪ್ರಯೋಗಪುಟದಲ್ಲಿ ನೋಡಬೇಕು.

ನಿಮಗೆ ಸಿಎಸ್‌ಎಸ್ ಬರಬೇಕೆಂದಿಲ್ಲ. ಓದಲಾಗದ ಪಟ್ಟಿ ಕಂಡರೆ ಆ ಪುಟದ ‘ಚರ್ಚೆ’ಯಲ್ಲಿ ಎರಡು ಸಾಲು ಬರೆಯಿರಿ: ಯಾವ ಫೋನು, ಡಾರ್ಕ್ ಮೋಡ್ ಇತ್ತೇ, ಯಾವ ಸಾಲು ಕಾಣಲಿಲ್ಲ. ದೊಡ್ಡ ಕಂಪ್ಯೂಟರಿನಲ್ಲಿ ಕೂತು ಬರೆಯುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಬೀಳುವುದು ನಮ್ಮ ನಿಮ್ಮ ಕಣ್ಣಿಗೆ.