ದಡದ ಮೇಲಿನ ಗಾಳ

ಗಾಳ ಹಿಡಿದವರಲ್ಲಿ ಎರಡು ಜಾತಿ: ದೋಣಿಯವರು, ದಡದವರು. ಈ ಜಾತಿಭೇದವನ್ನು ನಾನು ಕಂಡದ್ದು ಅಮೆರಿಕದಲ್ಲಿ. ಅಲ್ಲಿನ ದೊಡ್ಡ ಸರೋವರಗಳಲ್ಲಿ ಬಾಸ್ ಎಂಬ ಮೀನನ್ನು ಹಿಡಿಯಹೊರಟ ದೋಣಿಯವನನ್ನು ನೋಡಬೇಕು. ಮಿರಿಮಿರಿ ಹೊಳೆಯುವ ದೋಣಿ, ಹಿಂದೊಂದು ದೊಡ್ಡ ಯಂತ್ರ, ಮುಂದೊಂದು ಸಣ್ಣ ಯಂತ್ರ, ನೀರಿನೊಳಗೆ ಮೀನೆಲ್ಲಿದೆಯೆಂದು ತೋರಿಸುವ ಪರದೆ, ಸಾಲಾಗಿ ಮಲಗಿಸಿದ ಏಳೆಂಟು ಕೋಲು. ದಡದವನಿಗೆ ಒಂದು ಕೋಲು, ಒಂದು ಚೀಲ, ಎರಡು ಕಾಲು. ವಿಚಿತ್ರವೇನೆಂದರೆ, ದೋಣಿಯವನು ಅಷ್ಟೆಲ್ಲ ಖರ್ಚು ಮಾಡಿ ನಡುನೀರಿಗೆ ಹೋಗಿ ಅಲ್ಲಿಂದ ದಡದ ಕಡೆಗೆ ಗಾಳ ಎಸೆಯುತ್ತಾನೆ. ದಡದವನು ತೋಳೆಲ್ಲ ನೋಯುವಂತೆ ಬೀಸಿ ನಡುನೀರಿನ ಕಡೆಗೆ ಎಸೆಯುತ್ತಾನೆ. ಮೀನು ತನ್ನಿಂದ ದೂರದಲ್ಲೇ ಇದೆಯೆಂಬ ನಂಬಿಕೆ ಇಬ್ಬರಿಗೂ ಸಮಾನ. ಇವರಲ್ಲಿ ದೋಣಿಯವನ ಲೆಕ್ಕವೇ ಹೆಚ್ಚು ಸರಿಯೆಂದು ಒಂದು ವಸಂತಕಾಲವನ್ನು ದಡದಲ್ಲಿ ಕಳೆದ ಮೇಲೆ ನನಗೆ ತೋರಿತು.

ಮಗಳು ಅಳಿಯ ಇರುವುದು ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿ. ಊರಿನ ನಡುವೆ ಕೊಲೊರಾಡೊ ನದಿ ಹರಿಯುತ್ತದೆ. (ಜಗತ್ಪ್ರಸಿದ್ಧವಾದ ಆ ಮಹಾಕಂದರವನ್ನು ಕೊರೆದ ಕೊಲೊರಾಡೊ ಬೇರೆ, ಇದು ಟೆಕ್ಸಸ್ಸಿನಲ್ಲೇ ಹುಟ್ಟಿ ಟೆಕ್ಸಸ್ಸಿನಲ್ಲೇ ಕಡಲು ಸೇರುವ ಮನೆಮಗಳು.) ೧೯೬೦ರಲ್ಲಿ ಲಾಂಗ್‌ಹಾರ್ನ್ ಅಣೆಕಟ್ಟು ಬಂದು, ಊರೊಳಗಿನ ನದಿ ಕೆರೆಯಾಯಿತು. ಬಹುಕಾಲ ಅದಕ್ಕೆ ಟೌನ್ ಲೇಕ್ ಎಂದೇ ಹೆಸರು. ಅಧ್ಯಕ್ಷ ಲಿಂಡನ್ ಜಾನ್ಸನ್ನರ ಪತ್ನಿ ಲೇಡಿ ಬರ್ಡ್ ಜಾನ್ಸನ್ ಅದರ ದಡಗಳಿಗೆ ಮರಗಿಡ ತಂದ ಮಹಾತಾಯಿ. ೨೦೦೭ರಲ್ಲಿ ಆಕೆ ತೀರಿಕೊಂಡ ಮೇಲೆ ಕೆರೆಗೆ ಆಕೆಯ ಹೆಸರನ್ನೇ ಇಟ್ಟರು. ಪೆಟ್ರೋಲ್ ಯಂತ್ರದ ದೋಣಿಗಳನ್ನು ಈ ಕೆರೆಗೆ ಬಿಡುವುದಿಲ್ಲವಾದ್ದರಿಂದ, ದಡದ ಜಾತಿಯವರಿಗೆ ಇಲ್ಲಿ ಕೊಂಚ ಮರ್ಯಾದೆ ಉಂಟು.

ನನಗೆ ಗಾಳದ ದೀಕ್ಷೆ ಕೊಟ್ಟವನು ಹನ್ನೊಂದು ವರ್ಷದ ಮೊಮ್ಮಗ. ಸರಕಾರದ ಪರವಾನಗಿ ಬೇಕಾದದ್ದು ಶಿಷ್ಯನಿಗೆ ಮಾತ್ರ. ಹದಿನೇಳು ತುಂಬದ ಗುರುವಿಗೆ ಅದು ಬೇಕಿಲ್ಲ. ನಮ್ಮದು ಸಸ್ಯಾಹಾರಿಗಳ ಮನೆ. ಆದ್ದರಿಂದ ಮೊದಲ ದಿನವೇ ನನ್ನ ಹೆಂಡತಿ, “ರೀ, ತಿನ್ನೋದಿಲ್ಲ ಅಂದಮೇಲೆ ಹಿಡಿಯೋದು ಯಾಕೆ?” ಎಂದು ಕೇಳಿದಳು. ಹಿಡಿದು ಬಿಡುತ್ತೇವೆ ಎಂದೆ. “ಬಿಡೋ ಹಾಗಿದ್ದರೆ ಹಿಡಿಯೋದು ಯಾಕೆ?” ಎಂದಳು. ಪ್ರಶ್ನೆ ಎರಡಾದರೂ ಉತ್ತರ ಒಂದೂ ಇರಲಿಲ್ಲ. ಬಾಸ್ ಪಂದ್ಯಗಳನ್ನು ನಡೆಸುತ್ತಿದ್ದ ಅಲಬಾಮದ ರೇ ಸ್ಕಾಟ್ ಎಂಬಾತ ೧೯೭೨ರಿಂದ, ಹಿಡಿದ ಮೀನನ್ನು ತೂಗಿ ಜೀವಸಹಿತ ನೀರಿಗೆ ಬಿಡುವುದೇ ದೊಡ್ಡಸ್ತಿಕೆಯೆಂದು ಸಾರಿ ಆ ದೇಶದವರನ್ನು ಒಪ್ಪಿಸಿದ. ನನ್ನ ಹೆಂಡತಿಯನ್ನು ಒಪ್ಪಿಸುವುದು ಅವನಿಂದಲೂ ಆಗುತ್ತಿರಲಿಲ್ಲ. ೧೯೩೨ರ ಜೂನ್ ೨ರಂದು ಜಾರ್ಜಿಯದ ಜಾರ್ಜ್ ಪೆರಿ ೨೨ ಪೌಂಡ್ ೪ ಔನ್ಸ್ ತೂಕದ ಬಾಸ್ ಹಿಡಿದು ಜಗತ್ತಿನ ದಾಖಲೆ ಸ್ಥಾಪಿಸಿದ. ೨೦೦೯ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದದ್ದು ಕೂದಲೆಳೆಯಷ್ಟು ಹೆಚ್ಚು ತೂಗಿದರೂ, ನಿಯಮದ ಪ್ರಕಾರ ಇಬ್ಬರೂ ಸಮಸಮ ಎಂದಾಯಿತು. ಇದನ್ನೆಲ್ಲ ಭಕ್ತಿಯಿಂದ ವಿವರಿಸಿದಾಗ ಆಕೆಗೆ ಹಿಡಿಸಿದ ಅಂಶ ಒಂದೇ: ಪೆರಿ ತನ್ನ ಮೀನನ್ನು ಮನೆಗೊಯ್ದ, ಮನೆಮಂದಿ ಅದನ್ನು ಊಟ ಮಾಡಿದರು. “ಅವನು ಕೆಲಸ ಇಟ್ಟುಕೊಂಡು ಹೋದವನು,” ಎಂದಳು.

ಮೀನಿನ ಪೂರ್ಣ ಹೆಸರು ಲಾರ್ಜ್‌ಮೌತ್ ಬಾಸ್. ಕಚೇರಿಯ ಬಾಸಿಗೂ ಇದಕ್ಕೂ ನಂಟಿಲ್ಲ, ಬಾಯಿ ಮಾತ್ರ ಇಬ್ಬರಿಗೂ ದೊಡ್ಡದು: ಮೀನಿನ ದವಡೆ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ. ಹಸಿರು ಮೈ, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ. ಬೇಟೆಯನ್ನು ಅಟ್ಟಿಕೊಂಡು ಅಲೆಯುವುದಕ್ಕಿಂತ, ಮುರಿದುಬಿದ್ದ ಮರದ ಕೆಳಗೋ ಜೊಂಡಿನ ನೆರಳಲ್ಲೋ ಹೊಂಚಿ ನಿಲ್ಲುವುದು ಅದಕ್ಕೆ ಇಷ್ಟ. ಮರ, ಜೊಂಡು, ನೆರಳು ಇವೆಲ್ಲ ಇರುವುದು ದಡದ ಬುಡದಲ್ಲಿ. ಆದ್ದರಿಂದಲೇ ಗುರುವಿನ ಮೊದಲ ಪಾಠ: “ತಾತ, ಜೋರಾಗಿ ನಡೀಬೇಡಿ.” ಮೀನಿನ ಪಕ್ಕೆಯ ಗೆರೆಯೊಂದು ನೀರಿನ ಅದುರನ್ನು ಗ್ರಹಿಸುತ್ತದೆ, ದಡದ ಮೇಲೆ ದಪದಪ ಹೆಜ್ಜೆ ಹಾಕಿದರೆ ಅದಕ್ಕೆ ತಿಳಿದುಹೋಗುತ್ತದೆ. ನೆರಳು ನೀರಿನ ಮೇಲೆ ಬೀಳಬಾರದು. ಮೊದಲು ಕಾಲ ಬಳಿ, ಅನಂತರ ದೂರ. ಎಸೆಯುವಾಗ ನೇರ ನಡುನೀರಿಗೆ ಎಸೆಯದೆ ದಡದ ಅಂಚಿಗೆ ಸಮಾನಾಂತರವಾಗಿ ಎಸೆದರೆ, ಗಾಳ ಮರಳಿ ಬರುವಷ್ಟು ದಾರಿಯೂ ಮೀನಿರುವ ಬೀದಿಯಲ್ಲೇ ಬರುತ್ತದೆ. ನಾವು ನಿಲ್ಲುತ್ತಿದ್ದ ಜಾಗದಿಂದ ಸ್ವಲ್ಪ ದೂರದಲ್ಲಿ ಬೂದುನೀಲಿ ಬಣ್ಣದ ದೊಡ್ಡ ಕೊಕ್ಕರೆಯೊಂದು ಒಂಟಿಕಾಲಲ್ಲಿ ನಿಂತಿರುತ್ತಿತ್ತು. ಈ ನಿಯಮಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸುತ್ತಿದ್ದುದು ಅದೊಂದೇ. ಬಕಧ್ಯಾನವೆಂಬ ಮಾತನ್ನು ನಾವು ಬೈಗುಳಾಗಿ ಬಳಸುವುದು ನ್ಯಾಯವಲ್ಲವೆಂದು ನನಗೆ ಅಲ್ಲಿ ಅನ್ನಿಸಿತು.

ಇನ್ನು ಎರೆಯ ವಿಚಾರ. ಕಾವೇರಿಯ ಬಿಳಿಮೀನಿಗೆ ನಮ್ಮವರು ರಾಗಿಹಿಟ್ಟಿನ ಉಂಡೆ ಕಟ್ಟುತ್ತಿದ್ದರು. ಸಣ್ಣ ಮೀನಿಗೆ ಎರೆಹುಳು. ಮೀನಿಗೆ ಮೋಸವಾದರೂ ಬಾಯಿಗೊಂದು ತುತ್ತು ಸಿಗುತ್ತಿತ್ತು. ಬಾಸಿನ ಗಾಳದಲ್ಲಿ ಆ ಸೌಜನ್ಯವೂ ಇಲ್ಲ. ಫಿನ್ಲೆಂಡಿನ ಲೌರಿ ರಪಾಲ ೧೯೩೬ರಲ್ಲಿ ಬೆಂಡನ್ನು ಮೀನಿನಂತೆ ಕೆತ್ತಿ, ಚಾಕೊಲೇಟ್ ಸುತ್ತಿದ ಬೇಗಡೆಯನ್ನು ಅದಕ್ಕೆ ಹೊದಿಸಿ, ಗಾಯಗೊಂಡ ಮರಿಮೀನಿನಂತೆ ಓಲಾಡಿಸಿದ. ಒಹಾಯೊ ರಾಜ್ಯದ ಆಕ್ರನ್ನಿನಲ್ಲಿ ನಿಕ್ ಕ್ರೀಮ್ ೧೯೪೯ರಲ್ಲಿ ಪ್ಲಾಸ್ಟಿಕ್ ಹುಳುವನ್ನು ತಯಾರಿಸಿದ. ಈಗ ಅಂಗಡಿಗೆ ಹೋದರೆ ಕಪ್ಪೆ, ಹಲ್ಲಿ, ಸೀಗಡಿ, ಯಾವ ದೇವರೂ ಸೃಷ್ಟಿಸದ ನೇರಳೆ ಬಣ್ಣದ ಹುಳು, ಎಲ್ಲವೂ ಗೋಡೆಯ ತುಂಬ ತೂಗುತ್ತವೆ. ಇವುಗಳಲ್ಲಿ ಬಹುಪಾಲು ಹಿಡಿಯುವುದು ಮೀನನ್ನಲ್ಲ, ಗಿರಾಕಿಯನ್ನು. ದಡದವನಿಗೆ ಮೆತ್ತನೆಯ ಹುಳುವೊಂದಿದ್ದರೆ ಸಾಕು. ಅದನ್ನು ಟೆಕ್ಸಸ್ ಪದ್ಧತಿಯಲ್ಲಿ ಸಿಕ್ಕಿಸಬೇಕು: ದಾರಕ್ಕೆ ಮೊದಲು ಬಂದೂಕಿನ ಗುಂಡಿನಾಕಾರದ ಸಣ್ಣ ಭಾರ ಪೋಣಿಸಿ ಗಾಳ ಕಟ್ಟಬೇಕು; ಗಾಳದ ಮೊನೆಯನ್ನು ಹುಳುವಿನ ತಲೆಯಲ್ಲಿ ತೂರಿಸಿ ಹೊರಗೆಳೆದು, ತಿರುಗಿಸಿ, ಮೊನೆಯನ್ನು ಮತ್ತೆ ಹುಳುವಿನ ಮೈಯೊಳಗೇ ಹುದುಗಿಸಬೇಕು. ಮೊನೆ ಮರೆಯಾದ್ದರಿಂದ ಜೊಂಡಿಗೂ ಬೇರಿಗೂ ಸಿಕ್ಕಿಕೊಳ್ಳುವುದು ಕಡಿಮೆ. ತಲೆಯ ಮೇಲಿನ ಕೊಂಬೆಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಆ ಕೆರೆಯ ದಡದ ಮರಗಳು, ಯಾರ ಯಾರದೋ ಬಣ್ಣಬಣ್ಣದ ಗಾಳಗಳನ್ನು ತೂಗಿಸಿಕೊಂಡು ವರ್ಷವಿಡೀ ಹಬ್ಬ ಮಾಡುತ್ತವೆ.

ಮಾರ್ಚ್ ತಿಂಗಳು ಬಂತು. ನೀರಿನ ಬಿಸಿ ೬೦ ಡಿಗ್ರಿ ಫ್ಯಾರನ್‌ಹೀಟ್ ದಾಟಿದಾಗ ಬಾಸಿಗೆ ಮೊಟ್ಟೆಯಿಡುವ ಕಾಲ. ಗಂಡು ಮೀನು ಮೊಣಕಾಲುದ್ದದ ನೀರಿಗೆ ಬಂದು, ಬಾಲದಿಂದ ತಳವನ್ನು ಗುಡಿಸಿ ಪರಾತದಂಥ ತಗ್ಗು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ, ಕಾವಲು ತಂದೆಯದು. ಊಟವನ್ನೂ ಅಷ್ಟಾಗಿ ಗಮನಿಸದೆ, ರೆಕ್ಕೆ ಬೀಸಿ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುತ್ತ ಅಲ್ಲೇ ಸುತ್ತುತ್ತದೆ. ದಡದಿಂದ ಇದೆಲ್ಲ ಬರಿಗಣ್ಣಿಗೆ ಕಾಣುತ್ತದೆ. ಇಂಥ ಮೀನನ್ನು ಹಿಡಿಯುವುದಕ್ಕೆ ಜಾಣ್ಮೆಯೇ ಬೇಡ. ಹುಳುವನ್ನು ಗೂಡಿನೊಳಗೆ ಇಳಿಬಿಟ್ಟರಾಯಿತು. ಹಸಿವಿಲ್ಲದಿದ್ದರೂ, ಶತ್ರು ಬಂತೆಂದು ಕಚ್ಚಿ ಆಚೆ ಎಸೆಯಲು ಬರುತ್ತದೆ. ಟೆಕ್ಸಸ್ಸಿನ ಕಾನೂನು ಇದನ್ನು ತಡೆಯುವುದಿಲ್ಲ.

ನಮ್ಮ ಹುಡುಗ ಅಲ್ಲಿಯವರೆಗೆ ಅಂಗೈಯಗಲದ ಬ್ಲೂಗಿಲ್ ಮೀನುಗಳನ್ನಷ್ಟೇ ಹಿಡಿದಿದ್ದ. ಒಂದು ಬೆಳಿಗ್ಗೆ ಗೂಡಿನ ಮೇಲಿನ ಬಾಸನ್ನು ಕಂಡು ಅವನ ಕೈ ನಡುಗಿತು. ಮೂರು ಪೌಂಡಿಗೆ ಕಡಿಮೆಯಿರಲಿಲ್ಲ. ಅವನು ಹುಳು ಸಿಕ್ಕಿಸುವಷ್ಟರಲ್ಲಿ ಆಚೆ ಬದಿಯಿಂದ ಒಬ್ಬ ತರುಣ ಗಾಳ ಇಳಿಸಿ ಎಳೆದೇಬಿಟ್ಟ. ಸಭ್ಯ ಮನುಷ್ಯ: ಮೀನಿನ ಮೈಮೇಲಿನ ಲೋಳೆ ಅಳಿಸಿಹೋಗದಿರಲೆಂದು ಕೈ ಒದ್ದೆ ಮಾಡಿಕೊಂಡ, ಹೊಟ್ಟೆಯ ಕೆಳಗೆ ಕೈಯೊಡ್ಡಿ ಎತ್ತಿದ, ಫೋಟೊ ತೆಗೆಸಿಕೊಂಡ, ಮೆಲ್ಲಗೆ ಬಿಟ್ಟ. ಎಲ್ಲ ಸೇರಿ ಎರಡು ನಿಮಿಷ. ಮೊಮ್ಮಗ ನೋಡುತ್ತಿದ್ದುದು ಅವನನ್ನಲ್ಲ, ಗೂಡನ್ನು. ಕಾವಲು ತಪ್ಪಿದ ಗೂಡಿಗೆ ಬ್ಲೂಗಿಲ್‌ಗಳು ಒಂದು, ಮೂರು, ಏಳು ಎಂದು ನುಗ್ಗಿ ತಲೆ ಕೆಳಗೆ ಮಾಡಿ ಮೇಯುತ್ತಿದ್ದವು. ತಂದೆ ಮೀನು ಮರಳಿ ಬಂದು ಅವನ್ನು ಚದರಿಸಿತು, ಮತ್ತೆ ಸುತ್ತತೊಡಗಿತು. ಎಷ್ಟು ಉಳಿದಿತ್ತೋ.

ತರುಣ ನಮ್ಮತ್ತ ನೋಡಿ, ಇನ್ನು ನಿನ್ನ ಸರದಿ ಎಂಬಂತೆ ಹುಡುಗನಿಗೆ ಕೈಬೀಸಿದ. ಹುಡುಗ ಕೋಲನ್ನು ಹುಲ್ಲಿನ ಮೇಲಿಟ್ಟು ಕುಳಿತ. ನಾನೂ ಮಾತಾಡಲಿಲ್ಲ.

ಅವನ ಬಾಸು ಸಿಕ್ಕಿದ್ದು ಮೇ ತಿಂಗಳಲ್ಲಿ, ಸಂಜೆ, ದಡದ ಅಂಚಿಗೇ ಎಸೆದ ಹುಳುವಿಗೆ, ನಾವು ನಿಂತಲ್ಲಿಂದ ಮೂರು ಮಾರು ದೂರದ ಬೇರಿನ ಕೆಳಗೆ. ಎರಡು ಪೌಂಡು ಇದ್ದೀತು. ಕೈ ಒದ್ದೆ ಮಾಡಿಕೊಂಡು ಎತ್ತಿ ತೋರಿಸಿ ನೀರಿಗೆ ಬಿಟ್ಟ. ಬೆಂಚಿನ ಮೇಲೆ ಕುಳಿತಿದ್ದ ಅಜ್ಜಿ, “ಅದಕ್ಕೆ ಮನೇಲಿ ಮಕ್ಕಳಿಲ್ಲ ತಾನೆ?” ಎಂದು ಕೇಳಿದಳು. ಈಗ ಆ ಕಾಲ ಮುಗಿದಿದೆ ಅಜ್ಜಿ, ಎಂದ. ಆಕೆ ತನ್ನ ಹಳೆಯ ಪ್ರಶ್ನೆಯನ್ನು ಆ ದಿನ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಕೊಡುವಾಗ ನನ್ನನ್ನು ಕೇಳಿದಳು.