ಬುತ್ತಿ ಕಟ್ಟಿಕೊಂಡು ಕಿನ್ನಿಕ್‌ಗೆ

ನಮ್ಮ ತಂಡದ ಆಟವನ್ನು ಒಮ್ಮೆಯಾದರೂ ಎದುರಾಳಿಯ ಊರಿಗೆ ಹೋಗಿ ನೋಡಬೇಕು. ಅದೂ ಜೇಬು ಹಗುರವಿರುವ ವಯಸ್ಸಿನಲ್ಲೇ ನೋಡಬೇಕು. ದುಡ್ಡು ಬಂದ ಮೇಲೆ ವಿಮಾನ, ಹೋಟೆಲು, ಒಳ್ಳೆಯ ಸೀಟು ಎಲ್ಲ ಸಿಗುತ್ತವೆ. ಆದರೆ ದಾರಿ ಸಿಗುವುದಿಲ್ಲ, ಊರೂ ಸಿಗುವುದಿಲ್ಲ.

ನಮ್ಮ ತಂಡವೆಂದರೆ ಮಿಶಿಗನ್ ವಿಶ್ವವಿದ್ಯಾಲಯದ ಫುಟ್ಬಾಲ್ ತಂಡ. ಆನ್ ಆರ್ಬರ್‌ಗೆ ಓದಲು ಬಂದ ಕನ್ನಡದ ಹುಡುಗರು ಕ್ರಿಕೆಟ್ಟಿನ ಗುಂಗಿನಲ್ಲೇ ಬಂದಿಳಿಯುತ್ತಾರೆ. ಸೆಪ್ಟೆಂಬರ್ ಮುಗಿಯುವುದರೊಳಗೆ ಹಳದಿ-ನೀಲಿ ಅಂಗಿ ತೊಟ್ಟಿರುತ್ತಾರೆ. ಊರಿನ ಜನಸಂಖ್ಯೆ ಒಂದೂಕಾಲು ಲಕ್ಷದ ಆಸುಪಾಸು. 1927ರಲ್ಲಿ ತೆರೆದ ಅಲ್ಲಿನ ಕ್ರೀಡಾಂಗಣದಲ್ಲಿ 1,07,601 ಜನ ಕೂರಬಹುದು. ಆಟದ ಶನಿವಾರ ಊರಿಗೆ ಊರೇ ಒಂದು ಜಾತ್ರೆ. ಮನೆಗಳ ಅಂಗಳದಲ್ಲಿ ಕಾರು ನಿಲ್ಲಿಸಲು ಬಾಡಿಗೆ, ರಸ್ತೆಬದಿಯಲ್ಲಿ ಒಲೆ, ವಾದ್ಯ, ವರ್ಷಕ್ಕೊಮ್ಮೆ ಸಿಗುವ ಹಳೆಯ ಗೆಳೆಯರು. ಹೆಸರು ಫುಟ್ಬಾಲ್ ಎಂದಿದ್ದರೂ ಇದು ಚೆಂಡನ್ನು ಹಿಡಿದು ಓಡುವ, ಎಸೆಯುವ ಆಟ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. ಇಷ್ಟು ತಿಳಿದರೆ ಮೊದಲ ದಿನಕ್ಕೆ ಸಾಕು.

ವೃತ್ತಿಪರ ತಂಡಗಳು ಊರು ಬಿಟ್ಟು ಹೋಗುವುದುಂಟು. 2016ರಲ್ಲಿ ರ‍್ಯಾಮ್ಸ್ ತಂಡ ಸೇಂಟ್ ಲೂಯಿಸನ್ನು ತೊರೆದು ಲಾಸ್ ಏಂಜಲೀಸ್ ಸೇರಿತು. ಕಾಲೇಜಿನ ತಂಡಕ್ಕೆ ಆ ದಾರಿಯಿಲ್ಲ. ವಿಶ್ವವಿದ್ಯಾಲಯ ಎಲ್ಲಿದೆಯೋ ಅದೂ ಅಲ್ಲೇ ಇರಬೇಕು. ಹಾಗಾಗಿ ಎದುರಾಳಿ ತಂಡವನ್ನು ಅರಿಯುವುದೆಂದರೆ ಅದರ ಊರನ್ನು ಅರಿಯುವುದು. ಟಿವಿಯ ಮುಂದೆ ಕೂತರೆ ಅದು ಆಗದು.

2022ರ ಅಕ್ಟೋಬರ್ 1ರಂದು ಅಯೊವಾ ವಿಶ್ವವಿದ್ಯಾಲಯದ ಊರಾದ ಅಯೊವಾ ಸಿಟಿಯಲ್ಲಿ ಆಟವಿತ್ತು. ಅದರ ಹಿಂದಿನ ಡಿಸೆಂಬರ್‌ನಲ್ಲಿ, ಎರಡೂ ತಂಡಗಳಿರುವ ಬಿಗ್ ಟೆನ್ ಎಂಬ ವಿಶ್ವವಿದ್ಯಾಲಯಗಳ ಕೂಟದ ಅಂತಿಮ ಪಂದ್ಯದಲ್ಲಿ ನಾವು ಅಯೊವಾವನ್ನು 42-3ರಿಂದ ಸೋಲಿಸಿದ್ದೆವು. ಆ ಜನ ಅದನ್ನು ಮರೆತಿರಲಾರರು. ಆನ್ ಆರ್ಬರ್‌ನಿಂದ ಅಲ್ಲಿಗೆ ಏಳುನೂರು ಕಿಲೋಮೀಟರಿಗೂ ಹೆಚ್ಚು ದೂರ. ನಾಲ್ವರು, ಒಂದು ಹಳೆಯ ಕೊರೊಲ್ಲಾ. ಪೆಟ್ರೋಲನ್ನು ನಾಲ್ಕು ಪಾಲು ಮಾಡಿದರೆ ತಲೆಗೆ ಬೀಳುವುದು ಒಂದು ಹೊತ್ತಿನ ಹೋಟೆಲ್ ಊಟದಷ್ಟು. ನಮ್ಮೊಳಗೆ ಹಿರಿಯನಾದ ಸಂಶೋಧನಾ ವಿದ್ಯಾರ್ಥಿಯನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದೆವು. ಹಿಂದಿನ ರಾತ್ರಿ ಅವನೇ ಪುಳಿಯೋಗರೆ ಕಲೆಸಿದ, ಚಪಾತಿ ಮಾಡಿದ. "ಮೊಸರನ್ನ ಬೇಡ ಕಣ್ರೋ, ನಾಳಿದ್ದಿಗೆ ಹುಳಿ ಬಂದಿರುತ್ತೆ. ಪುಳಿಯೋಗರೆಗೆ ಎರಡು ದಿನ ಏನೂ ಆಗಲ್ಲ" ಎಂದ. ಜೊತೆಗೆ ಚಟ್ನಿಪುಡಿ, ಊರಿಂದ ಬಂದಿದ್ದ ನಿಪ್ಪಟ್ಟು.

ಇಂಥ ಪ್ರವಾಸದಲ್ಲಿ ಜೇಬು ಹರಿಯುವುದು ಎರಡು ಕಡೆ, ವಸತಿ ಮತ್ತು ಟಿಕೆಟ್. ಆಟದ ವಾರಾಂತ್ಯದಲ್ಲಿ ಕಾಲೇಜು ಊರಿನ ಹೋಟೆಲುಗಳ ದರ ಮಾಮೂಲಿಗಿಂತ ಎಷ್ಟೋ ಪಟ್ಟು ಏರುತ್ತದೆ. ಎರಡು ರಾತ್ರಿಯ ಬಾಡಿಗೆ ಕೊಡಲೇಬೇಕು ಎನ್ನುವವರೂ ಇದ್ದಾರೆ. ಒಂದು ಗಂಟೆಯ ದಾರಿ ಹಿಂದೆಯೇ ಉಳಿದುಕೊಂಡರೆ ಆ ತಾಪತ್ರಯವಿಲ್ಲ. ನಾವು ಉಳಿದದ್ದು ಮಿಸಿಸಿಪ್ಪಿ ದಡದ ಡ್ಯಾವೆನ್‌ಪೋರ್ಟಿನ ಹೊರವಲಯದಲ್ಲಿ, ಎರಡು ಮಂಚದ ಒಂದು ಕೋಣೆಯಲ್ಲಿ. ಟಿಕೆಟ್ಟಿಗೆ ಬೇಕಾದದ್ದು ತಾಳ್ಮೆ. ಪರವೂರ ತಂಡಕ್ಕೆ ಮೀಸಲಾದ ಸೀಟುಗಳು ಮೊದಲು ಹೋಗುವುದು ದೊಡ್ಡ ದೇಣಿಗೆ ಕೊಟ್ಟವರಿಗೆ. ಉಳಿದವರು ಮರುಮಾರಾಟದ ಟಿಕೆಟ್ಟಿಗಾಗಿ ಫೋನು ನೋಡುತ್ತ ಕೂರಬೇಕು. ಸಾಮಾನ್ಯವಾಗಿ ಕೊನೆಯ ಹೊತ್ತಿನಲ್ಲಿ ಬೆಲೆ ಇಳಿಯುತ್ತದೆ, ಏಕೆಂದರೆ ಆಟ ಮುಗಿದ ಮೇಲೆ ಆ ಟಿಕೆಟ್ಟಿಗೆ ಬೆಲೆಯೇ ಇಲ್ಲ. ಆದರೆ ನಾಲ್ಕು ಸೀಟು ಒಂದೇ ಕಡೆ ಬೇಕೆಂದು ಹಟ ಹಿಡಿದರೆ ಅಗ್ಗಕ್ಕೆ ಸಿಗದು. ಇಬ್ಬಿಬ್ಬರಾಗಿ ಹರಿದು ಹಂಚಿಹೋಗಲು ಒಪ್ಪಿಕೊಂಡೆವು.

ಶುಕ್ರವಾರ ಮಧ್ಯಾಹ್ನ ಹೊರಟೆವು. 94ನೇ ಹೆದ್ದಾರಿ ಹಿಡಿದು ಶಿಕಾಗೊದ ತಳಭಾಗಕ್ಕೆ, ಅಲ್ಲಿಂದ 80ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ. ಇಲಿನಾಯ್ ಉದ್ದಕ್ಕೂ ಜೋಳದ ಹೊಲ, ಒಣಗಿ ಕೊಯ್ಲಿಗೆ ನಿಂತದ್ದು. ದಾರಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ಬಡ ಪ್ರಯಾಣಿಕನಿಗೆ ಪುಕ್ಕಟೆ ಸಿಗುವ ಗಂಟೆ ಅದು. ಬೆಳಿಗ್ಗೆ ವಾಲ್ಕಾಟ್‌ನ ಅಯೊವಾ 80 ಎಂಬ ಲಾರಿ ತಂಗುದಾಣದಲ್ಲಿ ಕಾಫಿ ಕುಡಿದೆವು. 1964ರಲ್ಲಿ ಶುರುವಾದ ಅದು ಜಗತ್ತಿನಲ್ಲೇ ದೊಡ್ಡ ಲಾರಿ ತಂಗುದಾಣವೆಂದು ಹೇಳಿಕೊಳ್ಳುತ್ತದೆ. ಅಲ್ಲಿ ಲಾರಿ ಚಾಲಕರಿಗೆ ಸ್ನಾನದ ಕೋಣೆಗಳಿವೆ, ಕ್ಷೌರದಂಗಡಿಯಿದೆ, ಹಲ್ಲಿನ ಡಾಕ್ಟರೂ ಇದ್ದಾರೆ. ವಿಮಾನದಲ್ಲಿ ಬಂದವರಿಗೆ ಇದು ಕಾಣುವುದೇ ಇಲ್ಲ.

ಅಯೊವಾ ಸಿಟಿ ತಲುಪಿ, ಕಾರನ್ನು ಪೇಟೆಯ ಆಚೆ, ಊರ ನಡುವಿನ ನದಿಯ ಪೂರ್ವಕ್ಕೆ ಬಿಟ್ಟು ನಡೆದೆವು. ಅಯೊವಾ ಸಿಟಿ ಸಾಹಿತ್ಯದ ಊರು. 2008ರಲ್ಲಿ ಯುನೆಸ್ಕೊ ಅದನ್ನು ಸಾಹಿತ್ಯ ನಗರವೆಂದು ಗುರುತಿಸಿತು. ಜಗತ್ತಿನ ಲೇಖಕರನ್ನು ಕರೆಸಿ ಉಳಿಸಿಕೊಳ್ಳುವ ಅಲ್ಲಿನ ಕಾರ್ಯಕ್ರಮಕ್ಕೆ 2016ರಲ್ಲಿ ನಮ್ಮ ವಿವೇಕ ಶಾನಭಾಗರೂ ಹೋಗಿದ್ದರು. 'ಘಾಚರ್ ಘೋಚರ್' ಬರೆದವರು ಓಡಾಡಿದ ಬೀದಿಗಳಲ್ಲಿ ಕಪ್ಪು-ಹಳದಿ ಅಂಗಿಯ ಸಾವಿರಾರು ಜನ ಸೇತುವೆ ದಾಟಿ ಗುಡ್ಡ ಹತ್ತುತ್ತಿದ್ದರು. ಅವರ ನಡುವೆ ನಾವು ನಾಲ್ಕು ನೀಲಿ ಅಂಗಿ.

ಮೆಲ್ರೋಸ್ ಅವೆನ್ಯೂ ಉದ್ದಕ್ಕೂ ಮನೆಗಳ ಅಂಗಳದಲ್ಲಿ ಒಲೆ ಹೊತ್ತಿತ್ತು. ಒಬ್ಬ ಹಿರಿಯರು ನಮ್ಮ ಅಂಗಿಯ ಬಣ್ಣ ನೋಡಿ ಕರೆದರು. ನಾವು ಬುತ್ತಿ ಬಿಚ್ಚಿ ಕೂರಲು ಜಾಗ ಹುಡುಕುತ್ತಿದ್ದುದು ಅವರಿಗೆ ಗೊತ್ತಾಗಿತ್ತೇನೋ, ನಾಲ್ಕು ಮಡಚುವ ಕುರ್ಚಿ ತಂದು ಹಾಕಿದರು. ಎಷ್ಟು ದೂರ ಓಡಿಸಿಕೊಂಡು ಬಂದಿರಿ ಎಂದು ಕೇಳಿದರು. ಹೇಳಿದೆವು. ಅದಾದ ಮೇಲೆ 42-3ರ ಮಾತು ಬರಲೇ ಇಲ್ಲ. ಅವರ ಹೆಂಡತಿ ಬಿಸಿ ಸೇಬಿನ ರಸ ಕೊಟ್ಟರು, ಅಣ್ಣ ನಿಪ್ಪಟ್ಟಿನ ಡಬ್ಬಿ ಮುಂದೆ ಹಿಡಿದ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ತೆಗೆದುಕೊಂಡರು. ಕೈತುಂಬ ದುಡ್ಡಿದ್ದಿದ್ದರೆ ನಾವು ಯಾವುದೋ ಹೋಟೆಲಿನಲ್ಲಿ ತಿಂದು ನೇರ ಗೇಟಿಗೆ ಹೋಗಿರುತ್ತಿದ್ದೆವು. ಆ ಕುರ್ಚಿಗಳು ನಮಗೆ ಸಿಕ್ಕದ್ದು ನಮ್ಮ ಬುತ್ತಿಯಿಂದಾಗಿ.

ಕ್ರೀಡಾಂಗಣಕ್ಕೆ ನೈಲ್ ಕಿನ್ನಿಕ್‌ನ ಹೆಸರು. 1939ರಲ್ಲಿ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದ ಅಯೊವಾದ ಹುಡುಗ. 1943ರಲ್ಲಿ ನೌಕಾಪಡೆಯ ತರಬೇತಿ ಹಾರಾಟದಲ್ಲಿ ವಿಮಾನ ಸಮುದ್ರಕ್ಕೆ ಬಿದ್ದು ಸತ್ತಾಗ ಅವನಿಗೆ ಇಪ್ಪತ್ನಾಲ್ಕು ವರ್ಷ. 1972ರಲ್ಲಿ ಅವನ ಹೆಸರಿಟ್ಟರು. ಬಾಗಿಲಲ್ಲಿ ಅವನ ಪ್ರತಿಮೆಯಿದೆ.

ನಮ್ಮ ಸೀಟು ಗೋಲುಕಂಬದ ಹಿಂದೆ, ಮೇಲಿನ ಸಾಲುಗಳಲ್ಲಿ. ಅಗ್ಗದ ಸೀಟು ಎಂದು ಜನ ಮೂಗು ಮುರಿಯುತ್ತಾರೆ. ನನಗೆ ಅದೇ ಉತ್ತಮ. ಪಕ್ಕದಿಂದ ನೋಡಿದರೆ ಚೆಂಡು ಮಾತ್ರ ಕಾಣುತ್ತದೆ. ಹಿಂದಿನಿಂದ, ಎತ್ತರದಿಂದ ನೋಡಿದರೆ ಎದುರುಬದುರು ನಿಂತ ದಪ್ಪ ಹುಡುಗರು ಒಬ್ಬರನ್ನೊಬ್ಬರು ತಳ್ಳಿ ಹೇಗೆ ಸಂದು ತೆರೆಯುತ್ತಾರೆ, ಓಡುವವನು ಅದನ್ನು ಹೇಗೆ ಕಾದು ಹಿಡಿಯುತ್ತಾನೆ ಎಂಬುದು ಕಾಣುತ್ತದೆ. ಆ ದಿನ ನಮ್ಮ ಓಟಗಾರ ಬ್ಲೇಕ್ ಕೋರಮ್ ಅರೆಕ್ಷಣ ತಡೆದು ನಿಂತು ಸಂದಿನೊಳಗೆ ನುಗ್ಗುವುದನ್ನು ಮತ್ತೆ ಮತ್ತೆ ನೋಡಿದೆ. ಮೊದಲ ಸರದಿಯಲ್ಲೇ ನಾವು ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಟಚ್‌ಡೌನ್ ಪಡೆದೆವು.

ಮೊದಲ ಕಾಲುಭಾಗ ಮುಗಿಯಿತು. ಸುಮಾರು ಎಪ್ಪತ್ತು ಸಾವಿರ ಜನ ಎದ್ದು ಮೈದಾನಕ್ಕೆ ಬೆನ್ನು ತಿರುಗಿಸಿದರು. ರಸ್ತೆಯಾಚೆ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆಯಿದೆ. ಅದರ ಮೇಲಿನ ಮಹಡಿಯ ಗಾಜಿನ ಹಿಂದೆ ಮಕ್ಕಳು, ತಂದೆತಾಯಂದಿರು ನಿಂತು ಆಟ ನೋಡುತ್ತಾರೆ. 2017ರಲ್ಲಿ ಆ ಕಟ್ಟಡ ತೆರೆದಾಗ ಒಬ್ಬ ಅಭಿಮಾನಿಗೆ ಹೊಳೆದ ಯೋಚನೆ ಈಗ ಪದ್ಧತಿಯಾಗಿದೆ: ಎಲ್ಲರೂ ಅವರತ್ತ ಕೈಬೀಸಬೇಕು. ಎರಡೂ ತಂಡದ ಆಟಗಾರರು, ತರಬೇತುದಾರರು, ರೆಫರಿಗಳೂ ಬೀಸುತ್ತಾರೆ. ನಾವೂ ಬೀಸಿದೆವು. ಮೇಲಿನಿಂದ ಪುಟ್ಟ ಪುಟ್ಟ ಕೈಗಳು ಉತ್ತರ ಕೊಟ್ಟವು. ಟಿವಿಯಲ್ಲಿ ಇದನ್ನು ನೋಡಿದ್ದೆ; ಅಲ್ಲಿ ನಿಂತಾಗ ಗಂಟಲು ಕಟ್ಟಿತು. ಪಂದ್ಯವನ್ನು 27-14ರಿಂದ ಗೆದ್ದೆವು. ಗೆಲುವಿನ ಕೂಗಿಗಿಂತ ಆ ಒಂದು ನಿಮಿಷ ನನಗೆ ದೊಡ್ಡದು.

ಇಂಥ ಪ್ರವಾಸವೇ ಈಗ ಕಷ್ಟವಾಗುತ್ತಿದೆ, ಅದು ನನಗೆ ನೋವಿನ ವಿಷಯ. ಆಟ ಎಷ್ಟು ಗಂಟೆಗೆಂದು ಟಿವಿಯವರು ಎಷ್ಟೋ ಬಾರಿ ಹನ್ನೆರಡು ದಿನ ಮೊದಲು, ಕೆಲವೊಮ್ಮೆ ಆರೇ ದಿನ ಮೊದಲು ಹೇಳುತ್ತಾರೆ. ಮುಂಚೆಯೇ ಅಗ್ಗಕ್ಕೆ ಕಾಯ್ದಿರಿಸಬೇಕಾದವನು ಏನು ಮಾಡಬೇಕು? 2022ರ ಆಗಸ್ಟಿನಲ್ಲಿ ಬಿಗ್ ಟೆನ್ ಕೂಟ ಟಿವಿ ಕಂಪನಿಗಳೊಡನೆ ಮಾಡಿಕೊಂಡ ಒಪ್ಪಂದ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಹೆಚ್ಚೆಂದು ಪತ್ರಿಕೆಗಳು ಬರೆದವು. 2024ರಲ್ಲಿ ಪಶ್ಚಿಮ ಕರಾವಳಿಯ ನಾಲ್ಕು ವಿಶ್ವವಿದ್ಯಾಲಯಗಳು ಸೇರಿ ಕೂಟ ಹದಿನೆಂಟು ತಂಡಗಳದ್ದಾಯಿತು. ಆ ಅಕ್ಟೋಬರಿನಲ್ಲಿ ಮಿಶಿಗನ್ ಆಡಲು ಹೋದದ್ದು ಸಿಯಾಟಲ್‌ಗೆ, ಮೂರೂವರೆ ಸಾವಿರ ಕಿಲೋಮೀಟರ್ ಮೀರಿದ ದೂರ. ಹಳೆಯ ಕಾರಿನ ನಾಲ್ವರು ವಿದ್ಯಾರ್ಥಿಗಳು ಶುಕ್ರವಾರ ಹೊರಟು ಭಾನುವಾರ ಮರಳುವ ದೂರವಲ್ಲ ಅದು. ಅಯೊವಾದಂಥ ಪಕ್ಕದ ಊರುಗಳ ಸರದಿ ಬರುವುದು ಇನ್ನೂ ಅಪರೂಪ. ಪರವೂರ ಪಂದ್ಯಗಳಲ್ಲಿ ಒಂದಷ್ಟು ಸೀಟನ್ನು ದೇಣಿಗೆದಾರರಿಗಲ್ಲ, ವಿದ್ಯಾರ್ಥಿಗಳಿಗೇ ಕಡಿಮೆ ಬೆಲೆಗೆ ತೆಗೆದಿಡಬೇಕು. ಮೈದಾನದಲ್ಲಿ ಆಡುವವರು ಅವರ ಸಹಪಾಠಿಗಳು.

ಕಾರಿನಲ್ಲಿ ಹೋಗಿಬರಬಹುದಾದ ಊರುಗಳು ಇನ್ನೂ ಉಳಿದಿವೆ: ಈಸ್ಟ್ ಲ್ಯಾನ್ಸಿಂಗ್, ವೆಸ್ಟ್ ಲಾಫಾಯೆಟ್, ಬ್ಲೂಮಿಂಗ್ಟನ್, ಮ್ಯಾಡಿಸನ್. ಎಲ್ಲಕ್ಕೂ ಮಿಗಿಲಾಗಿ ಕೊಲಂಬಸ್. 1897ರಲ್ಲಿ ಮೊದಲ ಬಾರಿ ಸೆಣಸಿದ ಒಹಾಯೊ ಸ್ಟೇಟ್ ವಿರುದ್ಧದ ಪಂದ್ಯ ಸಮಸಂಖ್ಯೆಯ ಇಸವಿಗಳಲ್ಲಿ ಅಲ್ಲಿ ನಡೆಯುತ್ತದೆ, ನವೆಂಬರ್ ಕೊನೆಯ ಶನಿವಾರ. ಅದಕ್ಕೆ ಅಗ್ಗದ ಟಿಕೆಟ್ ಎಂಬುದೇ ಇಲ್ಲ. ಆದರೆ ದಾರಿ ಮೂರು ಗಂಟೆಯದು. ನಸುಕಿನಲ್ಲಿ ಹೊರಟು ಪಂದ್ಯ ಮುಗಿಸಿ ರಾತ್ರಿಗೆ ಮನೆ ಸೇರಬಹುದು. ಕೋಣೆ ಬಾಡಿಗೆ ಉಳಿಯುತ್ತದೆ, ಅದನ್ನು ಟಿಕೆಟ್ಟಿಗೆ ಸೇರಿಸಬಹುದು. ಪುಳಿಯೋಗರೆ ಗೊಜ್ಜನ್ನು ಹಿಂದಿನ ವಾರವೇ ಕಾಯಿಸಿಡುತ್ತೇನೆ ಎಂದು ಅಣ್ಣ ಆಗಲೇ ಹೇಳಿದ್ದಾನೆ.