ಬಣ್ಣದ ಕೊಕ್ಕರೆ, ಬಣ್ಣದ ವೇಷ ಮತ್ತು ಒಂದು ಲೆನ್ಸು

ಮೂರು ತಿಂಗಳಿಂದ ಮಂಡೆಬಿಸಿ ಮಾಡಿಕೊಂಡಿದ್ದ ಒಂದು ವಿಷಯ ಕೊನೆಗೂ ಮುಗೀತು. ಲೆನ್ಸ್ ತಗೊಂಡೆ. ಆದರೆ ತಗೋಬೇಕು ಅಂದುಕೊಂಡಿದ್ದು ಒಂದು, ತಗೊಂಡಿದ್ದು ಇನ್ನೊಂದು. ಆ ಕಥೆ ಹೇಳಿಬಿಡ್ತೀನಿ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ನನ್ನ ಹತ್ತಿರ ಇರೋದು ನಿಕಾನ್ ಡಿ5600. 2016ರಲ್ಲಿ ಬಂದ ಮಾಡೆಲ್ಲು. ಈಗ ಎಲ್ಲರೂ ಮಿರರ್‌ಲೆಸ್ ಕಡೆ ಹೋಗಿದ್ದಾರೆ, ನಾನಿನ್ನೂ ಕನ್ನಡಿ ಇರುವ ಕಾಲದಲ್ಲೇ ಇದ್ದೀನಿ. ಅದರ ಜೊತೆ ಡಬ್ಬದಲ್ಲೇ ಬಂದ 18-55 ಎಂಎಂ ಕಿಟ್ ಲೆನ್ಸು ಬಿಟ್ಟರೆ ಬೇರೇನೂ ಇರಲಿಲ್ಲ.

ಆಫೀಸಿನಲ್ಲಿ ನಮ್ಮದೊಂದು ಫೋಟೋ ಗ್ಯಾಂಗ್ ಇದೆ. ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಕಾರು ಹತ್ತಿ ರಂಗನತಿಟ್ಟಿಗೆ ಹೋಗುವ ಜಾತಿಯವರು. ಅವರ ಲೆಕ್ಕದಲ್ಲಿ ಹಕ್ಕಿ ತೆಗೆಯದವನು ಫೋಟೋಗ್ರಾಫರೇ ಅಲ್ಲ. ನಾನೂ ಎರಡು ಸಲ ಹೋಗಿದ್ದೆ. ಬೋಟಿನಲ್ಲಿ ಪಕ್ಕದಲ್ಲಿ ಕೂತವನು 200-500 ಲೆನ್ಸಿನಲ್ಲಿ ಬಣ್ಣದ ಕೊಕ್ಕರೆಯ ಕಣ್ಣಿನ ಹೊಳಪು ಹಿಡೀತಿದ್ದ. ನನ್ನ ಫೋಟೋದಲ್ಲಿ ಒಂದು ಮರ, ಮರದ ಮೇಲೆ ಒಂದು ಚುಕ್ಕಿ. "ಇದೇ ಕೊಕ್ಕರೆ" ಅಂತ ಬಾಣದ ಗುರುತು ಹಾಕಿ ತೋರಿಸಬೇಕಿತ್ತು :)

ಅವತ್ತೇ ತೀರ್ಮಾನ ಆಗಿತ್ತು, ನಂಗೂ ಉದ್ದದ ಲೆನ್ಸು ಬೇಕು. ಆ 200-500 ನನ್ನ ಕ್ಯಾಮೆರಾಕ್ಕಿಂತ ದುಬಾರಿ. ತೂಕ ಎರಡು ಕೆಜಿಗೂ ಮೇಲೆ. ಆದರೂ ಪ್ರತಿ ರಾತ್ರಿ ಮಲಗುವ ಮುಂಚೆ ಅದರ ರಿವ್ಯೂ ನೋಡುವುದು, ಇಎಂಐ ಲೆಕ್ಕ ಹಾಕುವುದು ಅಭ್ಯಾಸ ಆಗಿಹೋಯ್ತು.

ಅಷ್ಟರಲ್ಲಿ ಅಮ್ಮನ ಫೋನು. "ಮಾವನಿಗೆ ಮೊಣಕಾಲು ಆಗುವುದೇ ಇಲ್ಲವಂತೆ. ಈ ವರ್ಷದ ತಿರುಗಾಟವೇ ಕೊನೆ ಅಂತ ಹೇಳಿದ್ದಾನೆ."

ನನ್ನ ಸೋದರಮಾವ ಯಕ್ಷಗಾನ ಕಲಾವಿದ. ತೆಂಕುತಿಟ್ಟಿನ ಒಂದು ಬಯಲಾಟದ ಮೇಳದಲ್ಲಿ ಬಣ್ಣದ ವೇಷ. ರಾವಣ, ಮಹಿಷಾಸುರ, ಇಂಥವೆಲ್ಲ. ಮೇಳ ನವೆಂಬರ್ ಹೊತ್ತಿಗೆ ಹೊರಟರೆ ಮೇ ಕೊನೆಯ ಪತ್ತನಾಜೆವರೆಗೆ ದಿನಾ ಒಂದೊಂದು ಊರು. ನಮ್ಮ ಕಡೆ ಮದುವೆ, ಗೃಹಪ್ರವೇಶಗಳ ಸೀಸನ್ನೂ ಅದೇ. ಹಾಗಾಗಿ ನಮ್ಮ ಮನೆಯ ಯಾವ ಆಲ್ಬಮ್ಮಿನಲ್ಲೂ ಮಾವ ಇಲ್ಲ. ನನ್ನ ಅಕ್ಕನ ಮದುವೆಯಲ್ಲೂ ಇಲ್ಲ. ಧಾರೆಯ ಹೊತ್ತಿಗೆ ಬಂದು, ಊಟ ಮಾಡಿ, ಫೋಟೋಗೆ ಎಲ್ಲರನ್ನೂ ಕರೆಯುವಷ್ಟರಲ್ಲಿ ಚೌಕಿಗೆ ಹೊರಟಾಗಿತ್ತು.

ಮಾವನ ಫೋಟೋ ನನ್ನ ಹತ್ತಿರ ಎಷ್ಟಿರಬಹುದು ಅಂತ ಹುಡುಕಲು ಕೂತೆ. ಒಂದೊಂದೇ ಫೋಲ್ಡರ್ ತೆಗೆಯುವುದು ಬೇಜಾರಾಗಿ, ಪೈಥಾನಿನಲ್ಲಿ ಇಪ್ಪತ್ತು ಸಾಲಿನ ಒಂದು ಸ್ಕ್ರಿಪ್ಟ್ ಬರೆದೆ. ಡಿಜಿಟಲ್ ಫೋಟೋ ಒಳಗೇ ಎಕ್ಸಿಫ್ ಅಂತ ಒಂದಿಷ್ಟು ಮಾಹಿತಿ ಕೂತಿರುತ್ತೆ. ದಿನಾಂಕ, ಫೋಕಲ್ ಲೆಂತ್, ಅಪರ್ಚರ್, ಶಟರ್ ಸ್ಪೀಡು, ಐಎಸ್ಓ. ಅದನ್ನೆಲ್ಲ ತೆಗೆದು ಪಟ್ಟಿ ಮಾಡಿಸಿದೆ. ಸುಮಾರು ಆರು ಸಾವಿರ ಫೋಟೋ.

ಅದರಲ್ಲಿ ಅರ್ಧದಷ್ಟು 55 ಎಂಎಂನಲ್ಲಿ ತೆಗೆದವು. ಅಂದರೆ ಜೂಮ್ ಎಷ್ಟು ತಿರುಗುತ್ತೋ ಅಷ್ಟೂ ತಿರುಗಿಸಿದ್ದೆ. "ನೋಡಿದ್ಯಾ, ಉದ್ದದ ಲೆನ್ಸು ಬೇಕೇ ಬೇಕು" ಅಂತ ಖುಷಿಯಾಯ್ತು. ಆಮೇಲೆ ಆ ಫೋಟೋಗಳನ್ನು ತೆರೆದು ನೋಡಿದೆ. ಹಕ್ಕಿಗಳದ್ದು ನೂರೈವತ್ತೂ ಇಲ್ಲ. ಉಳಿದದ್ದರಲ್ಲಿ ಬಹುಪಾಲು ರಾತ್ರಿಯ ಆಟ, ಚೌಕಿ, ಅಜ್ಜನ ಮನೆಯ ಜಗಲಿ. ಮುಂದಿನ ಸಾಲಿನಲ್ಲಿ ಕೂತು ತೆಗೆದದ್ದು, ವೇಷ ಫ್ರೇಮ್ ತುಂಬ ಬಂದಿದೆ. ದೂರದ ಸಮಸ್ಯೆ ಇಲ್ಲವೇ ಇಲ್ಲ. ಐಎಸ್ಓ 3200, ಎಫ್/5.6, ಶಟರ್ 1/20 ಸೆಕೆಂಡ್. ಮಾವ ಒಂದು ಸುತ್ತು ತಿರುಗಿದರೆ ಕಿರೀಟ, ಕೈ, ಮುಖ ಎಲ್ಲ ಕಲಸಿ ಕೆಂಪು ಪಾಯಸ. ಇನ್ನೂರಕ್ಕೂ ಹೆಚ್ಚು ಫೋಟೋಗಳಲ್ಲಿ ಮಾವ ಇದ್ದಾರೆ, ಮಾವನ ಮುಖ ಒಂದರಲ್ಲೂ ಇಲ್ಲ.

ನಂಗೆ ಬೇಕಾಗಿದ್ದು ಉದ್ದ ಅಲ್ಲ, ಬೆಳಕು ಅಂತ ಆಗ ಹೊಳೀತು. ಫ್ಲ್ಯಾಶ್ ಹಾಕಬಹುದಲ್ಲ ಅಂತೀರೇನೋ. ಕುಣಿಯುವವರ ಕಣ್ಣಿಗೆ ಹೊಡೆಯುತ್ತೆ ಅನ್ನೋದು ಒಂದು. ದೊಂದಿಯ ಬೆಳಕಿನಲ್ಲಿ ಬರುವ ವೇಷಕ್ಕೆ ಫ್ಲ್ಯಾಶ್ ಬಿಟ್ಟರೆ ಪಾಸ್‌ಪೋರ್ಟ್ ಫೋಟೋ ಥರ ಆಗುತ್ತೆ ಅನ್ನೋದು ಇನ್ನೊಂದು.

ಇಲ್ಲಿ ಸಣ್ಣ ಲೆಕ್ಕ. ಎಫ್ ನಂಬರ್ ಕಡಿಮೆ ಆದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. ಒಳಗೆ ಬರುವ ಬೆಳಕು ಆ ಸಂಖ್ಯೆಗಳ ವರ್ಗದ ಲೆಕ್ಕದಲ್ಲಿ ಬದಲಾಗುತ್ತೆ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಹತ್ತಿರ ಹತ್ತಿರ 10. ಅಂದರೆ ಎಫ್/1.8ರಲ್ಲಿ ಹತ್ತು ಪಟ್ಟು ಬೆಳಕು. ನನ್ನ 1/20 ಸೆಕೆಂಡು 1/200 ಆಗುತ್ತೆ. ಅಷ್ಟಾದರೆ ಪಾಯಸ ಹೋಗಿ ಮುಖ ಬರುತ್ತೆ.

35 ಎಂಎಂ ತಗೊಳ್ಳೋದಾ, 50 ಎಂಎಂ ತಗೊಳ್ಳೋದಾ ಅಂತ ಇನ್ನೊಂದು ವಾರ ಹೋಯ್ತು. ಇವು ಜೂಮ್ ಇಲ್ಲದ ಲೆನ್ಸು, ಹತ್ತಿರ ಬೇಕಾದರೆ ಕಾಲಲ್ಲೇ ನಡೀಬೇಕು. ಕಿಟ್ ಲೆನ್ಸಿನ ಜೂಮ್ ರಿಂಗಿಗೆ ಸೆಲ್ಲೋಟೇಪ್ ಅಂಟಿಸಿ ಮೂರು ದಿನ 35, ಮೂರು ದಿನ 50ರಲ್ಲೇ ಓಡಾಡಿದೆ. ದುಡ್ಡು ಖರ್ಚಿಲ್ಲದ ಪರೀಕ್ಷೆ, ನೀವೂ ಮಾಡಿ ನೋಡಿ. ನನ್ನ ಕ್ಯಾಮೆರಾದ ಸೆನ್ಸರ್ ಚಿಕ್ಕದಾದ್ದರಿಂದ 50 ಎಂಎಂ ಅಂದರೆ ಫುಲ್‌ಫ್ರೇಮಿನ 75 ಇದ್ದ ಹಾಗೆ. ರೂಮಿನೊಳಗೆ ಬೆನ್ನು ಗೋಡೆಗೆ ತಾಗುತ್ತೆ, ಆದರೆ ಮುಖಗಳಿಗೆ ಹೇಳಿ ಮಾಡಿಸಿದ್ದು. ಐವತ್ತು ಗೆದ್ದಿತು.

ಸೆಕೆಂಡ್ ಹ್ಯಾಂಡ್ ಹುಡುಕಿದೆ. ಮೊದಲು ಸಿಕ್ಕವನ ಹತ್ತಿರ ಹಳೆಯ 50 ಎಂಎಂ ಎಫ್/1.8ಡಿ ಇತ್ತು. ಬರೀ 5,000. "ಎಲ್ಲಾ ನಿಕಾನಿಗೂ ಆಗುತ್ತೆ ಸಾರ್" ಅಂದ. ಹಾಕಿದರೆ ಕಟಕ್ ಅಂತ ಕೂತೂಬಿಟ್ಟಿತು. ದುಡ್ಡು ಎಣಿಸುವಾಗ ಸುಮ್ಮನೆ ಒಂದು ಬಟನ್ ಒತ್ತಿ ನೋಡಿದೆ, ಫೋಕಸ್ ಅಲ್ಲಾಡಲೇ ಇಲ್ಲ. ಆ ಡಿ ಲೆನ್ಸುಗಳ ಒಳಗೆ ಮೋಟರ್ ಇರೋದಿಲ್ಲ, ಕ್ಯಾಮೆರಾದ ಮೋಟರೇ ಅದನ್ನು ತಿರುಗಿಸಬೇಕು. ಡಿ5600ರಲ್ಲಿ ಆ ಮೋಟರ್ ಇಲ್ಲ. ಕೈಯಲ್ಲಿ ತಿರುಗಿಸಿಕೊಂಡು ಫೋಕಸ್ ಮಾಡುವಷ್ಟು ಹೊತ್ತು ಮಹಿಷಾಸುರ ನಿಲ್ಲುತ್ತಾನಾ? ಕೈಮುಗಿದು ಬಂದೆ. ನಿಕಾನಿನ ಸಣ್ಣ ಕ್ಯಾಮೆರಾ ಇರುವವರು ಇದನ್ನು ನೆನಪಿಟ್ಟುಕೊಳ್ಳಿ, ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಇರಬೇಕು.

ಆಮೇಲೆ 2011ರಲ್ಲಿ ಬಂದ ಎಎಫ್-ಎಸ್ 50 ಎಂಎಂ ಎಫ್/1.8ಜಿ ಸಿಕ್ಕಿತು, 9,500ಕ್ಕೆ. ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ಗಾಜಿನೊಳಗೆ ಫಂಗಸ್ ಇದೆಯಾ ನೋಡಿದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತೆ, ಲೆನ್ಸು ಯಾವ ಲೆಕ್ಕ. ಶುದ್ಧವಾಗಿತ್ತು. ತೂಕ ಬರೀ 185 ಗ್ರಾಂ. ಆಸೆಪಟ್ಟಿದ್ದ ಎರಡು ಕೆಜಿಯ ಲೆನ್ಸೆಲ್ಲಿ, ಇದೆಲ್ಲಿ!

ಏಪ್ರಿಲ್‌ನಲ್ಲಿ ವಿಟ್ಲದ ಹತ್ತಿರ ದೇವಿ ಮಹಾತ್ಮೆ ಆಟ. ಮಾವನ ಮಹಿಷಾಸುರ. ನೋಡಿದವರಿಗೆ ಗೊತ್ತು, ಮಹಿಷಾಸುರ ರಂಗಸ್ಥಳಕ್ಕೆ ಹಿಂದಿನಿಂದ ಬರೋದಿಲ್ಲ. ಜನರ ನಡುವಿನಿಂದ ದೊಂದಿ, ಚಂಡೆ, ಆರ್ಭಟೆ ಎಲ್ಲ ಸೇರಿ ಬರುತ್ತಾನೆ. ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭಗ್ ಅಂತ ಮೇಲೇಳುತ್ತೆ. ಮಕ್ಕಳೆಲ್ಲ ಅಮ್ಮಂದಿರ ಮಡಿಲಿಗೆ. ನಾನು ಎರಡು ಮೀಟರ್ ದೂರದಲ್ಲಿ, ಎಫ್/1.8 ಇಟ್ಟುಕೊಂಡು ಪಟಪಟ ಒತ್ತಿದೆ.

ಸ್ಕ್ರೀನ್ ದೊಡ್ಡದು ಮಾಡಿ ನೋಡಿದರೆ, ಕೋಣನ ಕೊಂಬು ಸೂಜಿಯಷ್ಟು ಸ್ಪಷ್ಟ, ಕಣ್ಣು ಮಂಜು! ಎಫ್/1.8ರಲ್ಲಿ ಅಷ್ಟು ಹತ್ತಿರದಿಂದ ಫೋಕಸ್ ಆಗುವ ಜಾಗ ಅರ್ಧ ಗೇಣು ಮಾತ್ರ. ಲೆಕ್ಕ ಮಾಡುವಾಗ ಬೆಳಕನ್ನೊಂದೇ ನೋಡಿದ್ದೆ, ಇದನ್ನು ಮರೆತಿದ್ದೆ. ಎಫ್/2.2ಕ್ಕೆ ಇಳಿಸಿ, 1/125 ಇಟ್ಟು, ಬೆಂಕಿ ನೋಡಿ ಮೀಟರ್ ಮೋಸ ಹೋಗದಂತೆ ಮ್ಯಾನುವಲ್‌ಗೆ ಹಾಕುವಷ್ಟರಲ್ಲಿ ಪ್ರವೇಶ ಮುಗಿದಿತ್ತು. ಮಾವನ ಕೊನೆಯ ವರ್ಷದ ಮಹಿಷಾಸುರನ ಪ್ರವೇಶ ನನ್ನ ಹತ್ತಿರ ಇಲ್ಲ. ಕೊಂಬು ಇದೆ.

ಆಮೇಲೆ ರಂಗಸ್ಥಳದಲ್ಲಿ ಹತ್ತಾರು ಒಳ್ಳೆಯವು ಸಿಕ್ಕವು. ಬೆಳಗಿನ ಜಾವ ಚೌಕಿಗೆ ಹೋದೆ. ಸಂಜೆಯಿಂದ ಗಂಟೆಗಟ್ಟಲೆ ಕೂತು ಬರೆದಿದ್ದ ಮುಖವನ್ನು ಮಾವ ತೆಂಗಿನೆಣ್ಣೆ ಹಚ್ಚಿ ಉಜ್ಜುತ್ತಿದ್ದರು. ಒಂದೇ ಒಂದು ಬಲ್ಬು. ಅರ್ಧ ಮುಖ ಅಸುರ, ಅರ್ಧ ಮುಖ ನರೆತ ಕುರುಚಲು ಗಡ್ಡದ ನನ್ನ ಮಾವ. ಬಲಗೈ ಕೆನ್ನೆ ಮೇಲೆ, ಎಡಗೈ ಮೊಣಕಾಲನ್ನು ಒತ್ತಿ ಹಿಡಿದಿತ್ತು. ಒಂದೇ ಫೋಟೋ ತೆಗೆದೆ. ಕಣ್ಣು ಸ್ಪಷ್ಟವಾಗಿ ಬಂತು.

ಪತ್ತನಾಜೆ ಕಳೆದ ಮೇಲೆ ಪ್ರಿಂಟ್ ಹಾಕಿಸಿ ಕೊಟ್ಟೆ. ಮಾವ ಒಂದೊಂದೇ ನೋಡುತ್ತಾ ಅದರ ಹತ್ತಿರ ನಿಂತರು.

"ಎಂತ ಮಾರಾಯ ಇದು, ಅರ್ಧ ಬಣ್ಣ ಹೋಗಿದೆ. ಪ್ರವೇಶದ್ದು ಇಲ್ವಾ?"

"ಅದು ಸರಿ ಬರ್ಲಿಲ್ಲ ಮಾವ."

ಅತ್ತೆ ಏನೂ ಹೇಳಲಿಲ್ಲ. ಕೈ ಚಾಚಿ ಆ ಫೋಟೋವನ್ನು ತಗೊಂಡು ಒಳಗೆ ಹೋದರು. ಮುಂದಿನ ಸಲ ಹೋದಾಗ ಅದು ಊಟದ ಕೋಣೆಯ ಗೋಡೆಯಲ್ಲಿತ್ತು. ಉಳಿದವೆಲ್ಲ ಕವರಿನಲ್ಲೇ ಇದ್ದವು.

ಹಕ್ಕಿ ಗ್ಯಾಂಗಿನವರು ಈ ಶನಿವಾರವೂ ಕರೆದಿದ್ದಾರೆ, ಹೋಗ್ತೀನಿ. ಕೊಕ್ಕರೆ ಈ ಲೆನ್ಸಿನಲ್ಲೂ ಚುಕ್ಕಿಯೇ. ಪರವಾಗಿಲ್ಲ, ಬೋಟ್ ನಡೆಸುವವರ ಮುಖ ಇದೆಯಲ್ಲ. ನೀವು ಯಾರಾದರೂ ಹೊಸ ಲೆನ್ಸ್ ತಗೊಳ್ಳುವ ಯೋಚನೆಯಲ್ಲಿದ್ದರೆ ರಿವ್ಯೂ ನೋಡುವ ಮುಂಚೆ ನಿಮ್ಮ ಹಳೆಯ ಫೋಟೋಗಳನ್ನೊಮ್ಮೆ ನೋಡಿ. ಅದರಲ್ಲೂ ಹಾಳಾದ ಫೋಟೋಗಳನ್ನು. ಸ್ಕ್ರಿಪ್ಟ್ ಬೇಕಾದವರು ಕೇಳಿ, ಕೊಡ್ತೀನಿ :)